ನಮ್ಮ ಯಜಮಾನರಿಗೆ ಕುದುರೆ ಜೊತೆ ಚಿಕಿತ್ಸೆ ಆಗುತ್ತಾ? ದಾವಣಗೆರೆ, ದುರ್ಗದ ಕಡೆ ಗೊತ್ತಿದ್ದವರು ಹೇಳಿ

ಕೆಟಿಜೆ ನಗರ ಟೈಲರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಮ್ಮ ಯಜಮಾನರು ಲಾಂಗ್ ರೂಟ್ ಬಸ್ ಡ್ರೈವರ್. ಈಗ ಓಡಿಸುತ್ತಿಲ್ಲ. ಹೋದ ವರ್ಷ ರಾತ್ರಿ ಹೊತ್ತು, ಹೈವೇಯಲ್ಲಿ ಆನಗೋಡು ದಾಟಿದ ಮೇಲೆ, ಒಬ್ಬ ಹುಡುಗ ಬೈಕಿನಲ್ಲಿ ರಾಂಗ್ ಸೈಡಿನಿಂದ ಬಂದು ಬಸ್ಸಿಗೆ ಸಿಕ್ಕ. ಸ್ಥಳದಲ್ಲೇ ಹೋಗಿಬಿಟ್ಟ. ಇವರ ತಪ್ಪಿಲ್ಲ ಅಂತ ನೋಡಿದವರೆಲ್ಲ ಹೇಳಿದರು. ಕೇಸೂ ಹಾಗೇ ಮುಗಿಯಿತು. ಆದರೆ ಅವತ್ತಿನಿಂದ ಇವರು ಸ್ಟೇರಿಂಗ್ ಮುಟ್ಟಿಲ್ಲ.

ರಾತ್ರಿ ಬೆಚ್ಚಿಬಿದ್ದು ಎದ್ದು ಕೂರುತ್ತಾರೆ. ನಿದ್ದೆಯಲ್ಲೇ ಬಲಗಾಲು ಬ್ರೇಕ್ ಒತ್ತುತ್ತದೆ, ಮಂಚದ ಕಟ್ಟಿಗೆಗೆ ಬಡಿದು ಹೆಬ್ಬೆರಳು ಕಪ್ಪಗಾಗಿದೆ. ಲಾರಿ ಹಾರನ್ ಕೇಳಿದರೆ ಮೈಯೆಲ್ಲ ಬೆವರು. ಕುಕ್ಕರ್ ವಿಸಲ್ ಆದರೂ ಅಷ್ಟೇ. ಅದಕ್ಕೇ ಈಗ ನಾನು ಪಾತ್ರೆಯಲ್ಲೇ ಅನ್ನ ಮಾಡಿ ಬಸಿಯುತ್ತೇನೆ. ಹೊಲಿಗೆ ಮೆಷಿನ್ನನ್ನು ಹಿಂದಿನ ರೂಮಿಗೆ ಹಾಕಿಕೊಂಡಿದ್ದೇನೆ.

ಮನೋವೈದ್ಯರಿಗೆ ತೋರಿಸಿದ್ದೇವೆ. ಪಿಟಿಎಸ್‌ಡಿ ಅಂದರು, ಅಂದರೆ ದೊಡ್ಡ ಆಘಾತ ಆದ ಮೇಲೆ ಮನಸ್ಸಿಗೆ ಬರುವ ಕಾಯಿಲೆ. ಮಾತ್ರೆ ನಡೆಯುತ್ತಿದೆ, ನಿದ್ದೆ ಮೊದಲಿಗಿಂತ ಪರವಾಗಿಲ್ಲ. ಕೌನ್ಸೆಲಿಂಗಿಗೂ ಹೋಗುತ್ತಾರೆ. ಅಲ್ಲಿನ ಮೇಡಂ ತುಂಬಾ ಒಳ್ಳೆಯವರು, ತಾಳ್ಮೆ ಇದೆ. ಆದರೆ ಇವರು ಬಾಯಿ ಬಿಡುವುದಿಲ್ಲ. "ಊಟ ಆಯ್ತಾ?" ಅಂದರೆ "ಆಯ್ತು ಮೇಡಂ", "ನಿದ್ದೆ ಬಂತಾ?" ಅಂದರೆ "ಬಂತು ಮೇಡಂ". ಅಷ್ಟೇ. ಉಳಿದ ಹೊತ್ತು ಗೋಡೆ ನೋಡುತ್ತಾ ಕೂರುತ್ತಾರೆ.

ಇವರ ಊರು ಜಗಳೂರು ಕಡೆ. ಅಜ್ಜನ ಕಾಲಕ್ಕೆ ಮನೆ ತುಂಬಾ ಕುರಿ ಇದ್ದವು. ಮೇವು ಹುಡುಕಿಕೊಂಡು ದೂರ ಹೋಗುವಾಗ ಕಂಬಳಿ, ಪಾತ್ರೆ, ಹುಟ್ಟಿದ ಮರಿ ಎಲ್ಲ ಹೊರಲಿಕ್ಕೆ ಒಂದು ತಟ್ಟು, ಅಂದರೆ ಸಣ್ಣ ಜಾತಿ ಕುದುರೆ, ಇತ್ತಂತೆ. ಇವರು ಸಣ್ಣವರಿದ್ದಾಗ ಅದನ್ನು ನೋಡಿಕೊಳ್ಳುವುದೇ ಇವರ ಕೆಲಸ. ಈ ಯುಗಾದಿಗೆ ಊರಿಗೆ ಹೋಗಿದ್ದೆವು. ಪಕ್ಕದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದ್ದರು. ಕುರಿಗಾರರ ತಟ್ಟು ಬೇವಿನ ಮರದ ಕೆಳಗಿತ್ತು. ಇವರು ತಾವಾಗೇ ಎದ್ದು ಹೋದರು. ಅದರ ಕುತ್ತಿಗೆ ಮೇಲೆ ಕೈಯಿಟ್ಟು ತುಂಬಾ ಹೊತ್ತು ನಿಂತರು. ಬಂದು ನನಗೆ, "ಅದಕ್ಕೂ ಸದ್ದು ಅಂದರೆ ಭಯ ಕಣೆ" ಅಂದರು. ಆ ಆಕ್ಸಿಡೆಂಟ್ ಆದ ಮೇಲೆ ಭಯ ಅನ್ನುವ ಮಾತು ಅವರ ಬಾಯಿಂದ ಬಂದಿದ್ದು ಅದೇ ಮೊದಲು.

ಆಮೇಲೆ ನಾನು ಮೊಬೈಲಿನಲ್ಲಿ ಹುಡುಕಿದೆ. ಹೊರದೇಶದಲ್ಲಿ ಮನಸ್ಸಿನ ಕಾಯಿಲೆಗೆ ಕುದುರೆ ಜೊತೆ ಚಿಕಿತ್ಸೆ ಕೊಡುತ್ತಾರೆ ಅಂತ ಬಂತು. ಇದು ನಿಜವಾಗಿ ಇದೆಯಾ? ಅಥವಾ ದುಡ್ಡು ಮಾಡಲಿಕ್ಕೆ ಹೇಳುವುದಾ? ನಮ್ಮ ಮೈದುನ ಒಂದು ತಟ್ಟು ಕೊಂಡುಬಿಡೋಣ, ಊರಲ್ಲಿ ಕಟ್ಟೋಣ ಅನ್ನುತ್ತಾನೆ. ಇಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬಿಡುವವರೊಬ್ಬರು ಗಂಟೆ ಲೆಕ್ಕದಲ್ಲಿ ಸವಾರಿ ಮಾಡಿಸುತ್ತೇನೆ ಅಂದಿದ್ದಾರೆ. ಇನ್ನೊಬ್ಬರು, ಸವಾರಿ ಶುರು ಮಾಡಿಸಿ, ಮಾತ್ರೆ ಬಿಡಿಸಿ, ಮಾತ್ರೆಯಿಂದಲೇ ಮಂಕಾಗಿದ್ದಾರೆ ಅಂತ ಹೇಳಿದರು. ನನಗೆ ತಲೆ ಕೆಟ್ಟು ಹೋಗಿದೆ. ಯಾರಾದರೂ ಸರಿಯಾಗಿ ತಿಳಿದವರು ಹೇಳಿ.

ಹರಿಹರದ ಅಮ್ಮ

ನಿಮ್ಮ ಕಷ್ಟ ಓದಿ ಸಂಕಟ ಆಯಿತು. ನನ್ನ ಮಗನಿಗೆ ಆಟಿಸಂ. ಬೆಂಗಳೂರಲ್ಲಿ ತಂಗಿ ಮನೆಯಲ್ಲಿ ಇದ್ದಾಗ ಅವನನ್ನು ಕುದುರೆ ಸವಾರಿ ಥೆರಪಿಗೆ ಕರೆದುಕೊಂಡು ಹೋಗುತ್ತಿದ್ದೆ. ಅವನಿಗೆ ಒಳ್ಳೆಯದಾಯಿತು. ಮುಂಚೆ ಸಿಟ್ಟು ಬಂದರೆ ತಲೆ ಚಚ್ಚಿಕೊಳ್ಳುತ್ತಿದ್ದ, ಅದು ಕಡಿಮೆ ಆಯಿತು. "ನಡಿ", "ನಿಲ್ಲು" ಅಂತ ಕುದುರೆಗೆ ಹೇಳಲಿಕ್ಕೆ ಕಲಿತ. ಅಲ್ಲಿಯವರು ನನಗೆ ಅಮೆರಿಕದ ಕೊಲೊರಾಡೊದಲ್ಲಿ ನಡೆದ ಒಂದು ಅಧ್ಯಯನ ತೋರಿಸಿದ್ದರು. 2015ರಲ್ಲಿ ಬಂದದ್ದು. 6ರಿಂದ 16 ವಯಸ್ಸಿನ ಆಟಿಸಂ ಮಕ್ಕಳು, 10 ವಾರ. ಒಂದು ಗುಂಪಿಗೆ ಸವಾರಿ, ಇನ್ನೊಂದು ಗುಂಪು ಅದೇ ಲಾಯದಲ್ಲಿ ಕುದುರೆ ಇಲ್ಲದೆ ಕುದುರೆ ಬಗ್ಗೆ ಕಲಿಯುವುದು. ಸವಾರಿ ಮಾಡಿದ ಮಕ್ಕಳಲ್ಲಿ ಕಿರಿಕಿರಿ, ಚಡಪಡಿಕೆ ಜಾಸ್ತಿ ಇಳಿದಿತ್ತು, ಮಾತೂ ಹೆಚ್ಚಿತ್ತು.

ಆದರೆ ಇದು ಮಕ್ಕಳ ವಿಷಯ. ನಿಮ್ಮ ಯಜಮಾನರದು ಬೇರೆ. ಅದೂ ಇದೂ ಒಂದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದೇವರು ಒಳ್ಳೆಯದು ಮಾಡಲಿ.

ದುರ್ಗದ ಸೋಷಿಯಲ್ ವರ್ಕರ್

ಅಕ್ಕಾ, ನಮಸ್ಕಾರ. ಮೊದಲಿಗೇ ಒಂದು ಮಾತು. ಮಾತ್ರೆ ಬಿಡಿಸಿ ಅಂದವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ನಿದ್ದೆ ಸುಧಾರಿಸಿದೆ ಅಂತ ನೀವೇ ಬರೆದಿದ್ದೀರಿ. ಮಾತ್ರೆ ದಿಢೀರ್ ನಿಲ್ಲಿಸಿದರೆ ಆ ನಿದ್ದೆಯೂ ಹೋಗುತ್ತದೆ. ಮಂಕು ಅನ್ನಿಸಿದರೆ ಡಾಕ್ಟರಿಗೆ ಹೇಳಿ, ಡೋಸ್ ಅಥವಾ ಹೊತ್ತು ಅವರು ಬದಲಿಸುತ್ತಾರೆ.

ನಾನು ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್. ಬೆಂಗಳೂರಲ್ಲಿ ಆಸ್ಪತ್ರೆ ಕೆಲಸದ ಜೊತೆಗೆ ಕೆಲವು ವರ್ಷ ಕುದುರೆಗಳಿರುವ ಒಂದು ಜಾಗದಲ್ಲಿ ಇಂಥದ್ದೇ ಕೆಲಸ ಮಾಡಿದ್ದೇನೆ. ಈಗ ಅಪ್ಪ ಅಮ್ಮನಿಗೆ ವಯಸ್ಸಾಯಿತು ಅಂತ ಚಿತ್ರದುರ್ಗಕ್ಕೆ ವಾಪಸ್ ಬಂದಿದ್ದೇನೆ. ಹಾಗಾಗಿ ನೀವು ಕೇಳಿದ್ದು ನನಗೆ ತುಂಬಾ ಹತ್ತಿರದ ವಿಷಯ.

ಇದು ನಿಜವಾಗಿ ಇದೆ. ಆದರೆ ಕುದುರೆ ಚಿಕಿತ್ಸೆ ಅಂತ ಒಂದೇ ಹೆಸರಿನಲ್ಲಿ ಮೂರ್ನಾಲ್ಕು ಬೇರೆ ಬೇರೆ ಕೆಲಸ ಓಡಾಡುತ್ತಿವೆ. ಫಿಸಿಯೊಥೆರಪಿಯವರು ಕುದುರೆಯ ನಡಿಗೆ ಬಳಸುವುದು ಒಂದು. ಕುದುರೆ ನಡೆಯುವಾಗ ಮೇಲೆ ಕೂತವರ ಸೊಂಟ, ನಾವು ನಡೆಯುವಾಗ ಅಲುಗುವ ರೀತಿಯಲ್ಲೇ ಮೂರೂ ದಿಕ್ಕಿಗೆ ಅಲುಗುತ್ತದೆ. ಅದಕ್ಕೇ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಬಾರದ ಸ್ಥಿತಿ) ಇರುವ ಮಕ್ಕಳಿಗೆ ಉಪಯೋಗ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅನ್ನುವ ಹೆಣ್ಣುಮಗಳು 1944ರಲ್ಲಿ ಪೋಲಿಯೊ ಬಂದು ಮೊಣಕಾಲಿನ ಕೆಳಗೆ ಶಕ್ತಿ ಕಳೆದುಕೊಂಡರು. ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದರು. ಅಂಗವೈಕಲ್ಯ ಇರುವವರಿಗೆ ಸವಾರಿ ಅನ್ನುವ ವಿಚಾರಕ್ಕೆ ಅಲ್ಲಿಂದ ಬಲ ಬಂತು. ಹರಿಹರದ ಅಮ್ಮ ಹೇಳಿದ್ದು ಆ ಕಡೆಯದು.

ನಿಮ್ಮ ಯಜಮಾನರಂಥವರಿಗೆ ಮಾಡುವುದರಲ್ಲಿ ಬಹಳಷ್ಟು ಸಲ ಸವಾರಿಯೇ ಇರುವುದಿಲ್ಲ. ಎಲ್ಲವೂ ನೆಲದ ಮೇಲೆ. 1999ರಲ್ಲಿ ಅಮೆರಿಕದಲ್ಲಿ ಶುರುವಾದ ಈಗಾಲಾ ಅನ್ನುವ ಸಂಸ್ಥೆಯವರು ಇದಕ್ಕೊಂದು ಕ್ರಮ ಹಾಕಿದರು. ಇಬ್ಬರು ಇರಲೇಬೇಕು. ಒಬ್ಬರು ಮನಸ್ಸಿನ ಚಿಕಿತ್ಸೆ ಕಲಿತವರು, ಇನ್ನೊಬ್ಬರು ಕುದುರೆ ಬಲ್ಲವರು. ಒಬ್ಬರ ಕಣ್ಣು ಮನುಷ್ಯನ ಮೇಲೆ, ಇನ್ನೊಬ್ಬರ ಕಣ್ಣು ಕುದುರೆ ಮೇಲೆ. ನಾನು ಕೆಲಸ ಮಾಡಿದ ಕಡೆಯೂ ಹೀಗೇ ಇತ್ತು. ಒಬ್ಬರೇ ಎರಡೂ ನೋಡಿಕೊಳ್ಳುತ್ತೇನೆ ಅನ್ನುವುದು ನನ್ನ ಪ್ರಕಾರ ಅಪಾಯ.

ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಬೇಲಿ ಹಾಕಿದ ಬಯಲು. ಕುದುರೆಗಳನ್ನು ಕಟ್ಟಿರುವುದಿಲ್ಲ. ಬಂದವರಿಗೆ, "ಒಳಗೆ ಹೋಗಿ, ಸುಮ್ನೆ ನೋಡಿ ಬನ್ನಿ" ಅನ್ನುತ್ತೇವೆ. ಮುಂದಿನ ವಾರಗಳಲ್ಲಿ ಮೈ ಉಜ್ಜುವುದು, ಮುಖಕ್ಕೆ ಹಗ್ಗ ಹಾಕುವುದು, ಜೊತೆಗೆ ನಡೆಸಿಕೊಂಡು ಹೋಗುವುದು. ನಾವು ಜಾಸ್ತಿ ಮಾತಾಡುವುದಿಲ್ಲ. "ಈಗ ಅದು ಏನು ಮಾಡಿತು?" ಅಂತ ಕೇಳುತ್ತೇವೆ. ತನ್ನ ಬಗ್ಗೆ ಒಂದು ಮಾತೂ ಆಡದವರು ಕುದುರೆ ಬಗ್ಗೆ ಆಡುತ್ತಾರೆ. ನಿಮ್ಮ ಯಜಮಾನರು "ಅದಕ್ಕೂ" ಅಂದರಲ್ಲ, ಆ ಒಂದು ಮಾತಿಗೋಸ್ಕರ ಕೌನ್ಸೆಲಿಂಗ್ ರೂಮಿನಲ್ಲಿ ನಾವು ತಿಂಗಳುಗಟ್ಟಲೆ ಕಾಯುತ್ತೇವೆ.

ಒಂದು ಘಟನೆ ಹೇಳುತ್ತೇನೆ. ನಡುವಯಸ್ಸಿನ ಒಬ್ಬರು ಬರುತ್ತಿದ್ದರು, ಕೆಲಸದ ಜಾಗದಲ್ಲಿ ಬೆಂಕಿ ಅನಾಹುತ ಕಂಡವರು. ಅವರು ಹತ್ತಿರ ಹೋದ ಕೂಡಲೇ ಕುದುರೆ ತಿರುಗಿ ಹೊರಟುಬಿಟ್ಟಿತು. ಅವರ ಮುಖ ಸಣ್ಣಗಾಯಿತು. "ನೋಡಿ, ನನ್ನ ಹತ್ತಿರ ಯಾರೂ ನಿಲ್ಲುವುದಿಲ್ಲ" ಅಂದರು. "ಅದು ಎಲ್ಲಿಗೆ ಹೋಯಿತು, ನೋಡಿ" ಅಂದೆ. ಅದು ಹೊಂಗೆ ಮರದ ನೆರಳಿಗೆ ಹೋಗಿ ನಿಂತಿತ್ತು. ಬಿಸಿಲು ಅಷ್ಟಿತ್ತು. ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೂ ನೆರಳಿಗೆ ಹೋದರು. ಅದು ನಿಂತೇ ಇತ್ತು. ಹೆಂಡತಿ ಬೇರೆ ರೂಮಿಗೆ ಹೋದರೂ, ಮಗಳು ಫೋನ್ ಇಟ್ಟರೂ, ಎಲ್ಲ ತನ್ನಿಂದಲೇ ಅಂತ ಅವರಿಗೆ ಅನ್ನಿಸುತ್ತಿತ್ತಂತೆ. ಅದನ್ನು ಅವತ್ತೇ ಹೇಳಿದರು.

ಕುದುರೆಯೇ ಯಾಕೆ ಅಂತ ನೀವು ಕೇಳಬಹುದು. ಅದು ಬೇಟೆಯಾಡುವ ಪ್ರಾಣಿಗಳಿಂದ ತಪ್ಪಿಸಿಕೊಂಡು ಬದುಕಿದ ಪ್ರಾಣಿ. ಕಣ್ಣು ತಲೆಯ ಎರಡು ಪಕ್ಕದಲ್ಲಿದೆ. ಮೂಗಿನ ಮುಂದೆ ಸ್ವಲ್ಪ, ಬಾಲದ ಹಿಂದೆ ಸ್ವಲ್ಪ ಬಿಟ್ಟರೆ ಸುತ್ತ ಎಲ್ಲ ಕಾಣುತ್ತದೆ. ಒಂದೊಂದು ಕಿವಿಯೂ ಬೇರೆ ಬೇರೆ ಕಡೆ ತಿರುಗುತ್ತದೆ. ಸಣ್ಣ ಸದ್ದಾದರೂ ತಲೆ ಎತ್ತುತ್ತದೆ, ಮೂಗಿನ ಹೊಳ್ಳೆ ಅಗಲ ಆಗುತ್ತದೆ, ಓಡಲು ತಯಾರಾಗುತ್ತದೆ. ಆದರೆ ಅಪಾಯ ಇಲ್ಲ ಅಂತ ಗೊತ್ತಾದ ಮೇಲೆ ಬುರ್ ಅಂತ ಉಸಿರು ಬಿಡುತ್ತದೆ, ತಲೆ ಇಳಿಸುತ್ತದೆ, ಬಾಯಿ ಅಗಿಯುತ್ತದೆ, ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತದೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಆಘಾತ ಆದವರ ಮೈ ಹೆದರುವುದು ತಪ್ಪಲ್ಲ. ಹೆದರಿದ ಮೈ ಮತ್ತೆ ಕೆಳಗೆ ಇಳಿಯುವುದಿಲ್ಲ, ಅದು ಕಷ್ಟ. ಕುದುರೆ ಪಕ್ಕದಲ್ಲಿ ನಿಂತವರು ಆ ಇಳಿಯುವುದನ್ನು ಕಣ್ಣಾರೆ ನೋಡುತ್ತಾರೆ, ಕೈ ಇಟ್ಟರೆ ಮುಟ್ಟಿ ತಿಳಿಯುತ್ತಾರೆ. ವಿಶ್ರಾಂತಿಯಲ್ಲಿರುವ ಕುದುರೆಯ ಎದೆ ಬಡಿತ ನಿಮಿಷಕ್ಕೆ 28ರಿಂದ 44 ಅಷ್ಟೇ.

ಕುದುರೆ ನಮ್ಮ ಮನಸ್ಸನ್ನು ಓದುತ್ತದೆ ಅಂತ ಕೆಲವರು ತುಂಬಾ ದೊಡ್ಡದಾಗಿ ಹೇಳುತ್ತಾರೆ. ಅಷ್ಟು ಹೋಗಬೇಡಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ 28 ಕುದುರೆಗಳಿಗೆ ಮನುಷ್ಯರ ಮುಖದ ಫೋಟೊ ತೋರಿಸಿದರು. ಸಿಟ್ಟಿನ ಮುಖ ಕಂಡಾಗ ಎಡಗಣ್ಣಿನಿಂದ ಜಾಸ್ತಿ ನೋಡಿದವು, ಎದೆ ಬಡಿತ ಬೇಗ ಏರಿತು. ಅಂದರೆ ನಮ್ಮ ಮುಖ, ನಮ್ಮ ಮೈ ಬಿಗಿ ಅದಕ್ಕೆ ಗೊತ್ತಾಗುತ್ತದೆ. ಅಷ್ಟೇ ನಮಗೆ ಸಾಕು.

ಎಲ್ಲಾದರೂ ಹೋಗುವುದಾದರೆ ಇದನ್ನು ಕೇಳಿ. ಚಿಕಿತ್ಸೆ ಕೊಡುವವರು ಯಾರು? ಮನೋವೈದ್ಯರಾ, ರಿಹ್ಯಾಬಿಲಿಟೇಷನ್ ಕೌನ್ಸಿಲ್ ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟಾ, ಓದಿದ ಸೋಷಿಯಲ್ ವರ್ಕರಾ? ಕುದುರೆಗೆ ಬೇಡ ಅನ್ನಿಸಿದರೆ ದೂರ ಹೋಗಲು ಜಾಗ ಇದೆಯಾ? ನಿಮ್ಮ ಡಾಕ್ಟರ ಜೊತೆ ಮಾತಾಡಲು ಅವರು ಒಪ್ಪುತ್ತಾರಾ? ಇಷ್ಟು ವಾರದಲ್ಲಿ ಪೂರ್ತಿ ವಾಸಿ ಅಂತ ಮಾತು ಕೊಟ್ಟರೆ ಎದ್ದು ಬನ್ನಿ.

ತರಬೇತಿ ಆದ ತಂಡ ಬೇಕು ಅಂದರೆ ಬೆಂಗಳೂರಿನಂಥ ದೊಡ್ಡ ಊರಿಗೇ ಹೋಗಬೇಕಾಗುತ್ತದೆ. ವಾರ ವಾರ ಹೋಗಿ ಬರುವುದು ಇವರಿಗೆ ಆಗುವ ಮಾತಲ್ಲ, ಅದೂ ಅದೇ ಹೈವೇಯಲ್ಲಿ. ಅದಕ್ಕೆ ನನ್ನ ಸಲಹೆ ಬೇರೆ. ಬೇವಿನ ಮರದ ಕೆಳಗೆ ಏನಾಯಿತು ಅಂತ ನಿಮ್ಮ ಕೌನ್ಸೆಲರ್ ಮೇಡಂಗೆ ಹೇಳಿ. ನನಗೆ ಬರೆದ ಹಾಗೇ ಹೇಳಿ. ದಾವಣಗೆರೆ ಹತ್ತಿರ ಸಾಧು ಕುದುರೆ, ಅದನ್ನು ಬಲ್ಲ ಮನುಷ್ಯ ಸಿಕ್ಕರೆ, ಒಂದು ಸಲ ಅಲ್ಲಿಗೆ ಬರುತ್ತಾರಾ ಕೇಳಿ. ಮೇಡಂ ಜೊತೆಗಿದ್ದರೆ ಅದು ಅವರ ಕೌನ್ಸೆಲಿಂಗಿನ ಭಾಗ. ಅವರಿಲ್ಲದೆ ಹೋದರೆ ಅದು ಒಂದು ಒಳ್ಳೆಯ ಒಡನಾಟ. ಒಡನಾಟವೂ ಬೇಕು, ಆದರೆ ಅದನ್ನು ಚಿಕಿತ್ಸೆ ಅಂತ ಲೆಕ್ಕ ಹಾಕಬೇಡಿ.

ಪಿಜಿ ಓದುತ್ತಿರುವವನು

ನಾನು ಮನೋವೈದ್ಯಶಾಸ್ತ್ರದ ವಿದ್ಯಾರ್ಥಿ. ಮೇಲಿನ ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಪುರಾವೆ ಎಷ್ಟಿದೆ ಅನ್ನುವುದೂ ಮನೆಯವರಿಗೆ ಗೊತ್ತಿರಬೇಕು. ಈ ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು 2014ರಲ್ಲಿ ಒಂದು ವಿಮರ್ಶೆ ಬಂತು. ಹೆಚ್ಚಿನವು ಸಣ್ಣವು, ಹೋಲಿಕೆಗೆ ಸರಿಯಾದ ಗುಂಪಿಲ್ಲ, ಇದನ್ನು ಸಾಬೀತಾದ ಚಿಕಿತ್ಸೆ ಅನ್ನಲಾಗದು ಅಂತ ಅದು ಹೇಳಿತು. ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದವರು ಪಿಟಿಎಸ್‌ಡಿ ಇದ್ದ 63 ಮಾಜಿ ಸೈನಿಕರ ಜೊತೆ ಕೆಲಸ ಮಾಡಿ 2021ರಲ್ಲಿ ಪ್ರಕಟಿಸಿದರು. ವಾರಕ್ಕೊಮ್ಮೆ 90 ನಿಮಿಷ, 8 ವಾರ. ಪಿಟಿಎಸ್‌ಡಿ ಲಕ್ಷಣ, ಖಿನ್ನತೆ ಎರಡೂ ಇಳಿದವು. ಆದರೆ ಅದರಲ್ಲೂ ಹೋಲಿಕೆಯ ಗುಂಪು ಇರಲಿಲ್ಲ. ಕುದುರೆಯಿಂದಲೇ ಇಳಿಯಿತು ಅಂತ ಖಚಿತವಾಗಿ ಹೇಳುವ ಹಾಗಿಲ್ಲ.

ಪಿಟಿಎಸ್‌ಡಿಗೆ ಗಟ್ಟಿ ಪುರಾವೆ ಇರುವುದು ಆಘಾತಕ್ಕೆಂದೇ ಇರುವ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ಕಣ್ಣು ಆಚೀಚೆ ಆಡಿಸುತ್ತಾ ಆ ನೆನಪನ್ನು ಎದುರಿಸುವುದು) ಅನ್ನುವ ಚಿಕಿತ್ಸೆಗಳಿಗೆ. ಇವು ನಮ್ಮವರಿಗೆ ಆಗುತ್ತವಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಈ ಚಿಕಿತ್ಸೆಗೆ ಬೇಕಾದ ದುಡ್ಡು, ಹೊತ್ತನ್ನು ಕುದುರೆಯ ಖರ್ಚು ತಿನ್ನಬಾರದು.

ದುರ್ಗದ ಸೋಷಿಯಲ್ ವರ್ಕರ್

ತಮ್ಮ, ಸರಿಯಾಗಿ ಹೇಳಿದಿರಿ. ಒಂದೇ ಮಾತು ಸೇರಿಸುತ್ತೇನೆ. ಆ ಚಿಕಿತ್ಸೆಗಳಿಗೆಲ್ಲ ಮನುಷ್ಯ ಸ್ವಲ್ಪವಾದರೂ ಬಾಯಿ ಬಿಡಬೇಕು, ಎದುರಿಗಿರುವವರನ್ನು ನಂಬಬೇಕು. ಗೋಡೆ ನೋಡುತ್ತಾ ಕೂತವರನ್ನು ಅಲ್ಲಿಯವರೆಗೆ ಕರೆತರುವ ದಾರಿ ಹುಡುಕುತ್ತಿದ್ದೇವೆ. ಕುದುರೆ ನನಗೆ ಯಾವಾಗಲೂ ಆ ದಾರಿಯಾಗಿಯೇ ಕೆಲಸಕ್ಕೆ ಬಂದಿದೆ.

ಮೆರವಣಿಗೆ ಕುದುರೆ ಮನೆಯವ

ಅಕ್ಕಾರೆ, ನಾನು ದಾವಣಗೆರೆಯವನೇ. ನಮ್ಮ ತಾತ ರೈಲ್ವೆ ಸ್ಟೇಷನ್ ಮುಂದೆ ಜಟಕಾ ಓಡಿಸುತ್ತಿದ್ದರು. ಆಟೊ ಬಂದ ಮೇಲೆ ಅಪ್ಪ ಮದುವೆ ಮೆರವಣಿಗೆಗೆ ಕುದುರೆ ಬಿಡಲು ಶುರು ಮಾಡಿದರು. ಈಗ ನಾನು ಅದನ್ನೇ ಮಾಡುತ್ತೇನೆ. ಹಾಗಿದ್ದೂ ಹೇಳುತ್ತೇನೆ, ಮೆರವಣಿಗೆ ಕುದುರೆ ಮೇಲೆ ಗಂಟೆ ಲೆಕ್ಕದಲ್ಲಿ ನಿಮ್ಮ ಯಜಮಾನರನ್ನು ಕೂರಿಸಬೇಡಿ.

ಸೀಸನ್ನಿನಲ್ಲಿ ಆ ಕುದುರೆ ರಾತ್ರಿಯೆಲ್ಲ ಬ್ಯಾಂಡು, ಡಿಜೆ, ಪಟಾಕಿ ನಡುವೆ ನಿಂತಿರುತ್ತದೆ. ಜನ ನೋಡಿ, ಎಷ್ಟು ಶಾಂತ ಕುದುರೆ ಅನ್ನುತ್ತಾರೆ. ಶಾಂತ ಅಲ್ಲ ಅದು. ಕಿವಿ ಆಡಿಸುವುದಿಲ್ಲ, ನೊಣ ಕೂತರೂ ಚರ್ಮ ಅದುರಿಸುವುದಿಲ್ಲ, ಕಣ್ಣು ಒಂದೇ ಕಡೆ. ತಪ್ಪಿಸಿಕೊಳ್ಳಲು ಆಗದು ಅಂತ ಗೊತ್ತಾಗಿ ಒಳಗೇ ಮುಚ್ಚಿಕೊಂಡಿರುತ್ತದೆ. ನಿಮ್ಮ ಯಜಮಾನರು ಗೋಡೆ ನೋಡುತ್ತಾ ಕೂರುತ್ತಾರೆ ಅಂತ ಓದಿದಾಗ ನನಗೆ ಆ ಕುದುರೆಗಳೇ ನೆನಪಾದವು. ಅಂಥ ಎರಡು ಜೀವವನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಏನು ಪ್ರಯೋಜನ? ಇನ್ನೂ ಒಂದು ಭಯ ಇದೆ. ಹಾಗೆ ಮುಚ್ಚಿಕೊಂಡ ಕುದುರೆ ಒಂದು ದಿನ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಮುನ್ಸೂಚನೆ ಕೊಡುವುದಿಲ್ಲ.

ತಟ್ಟು ಕೊಳ್ಳುವ ವಿಷಯ. ನಿಮ್ಮ ಮೈದುನನಿಗೆ ಪ್ರೀತಿಯಿಂದ ಹೇಳಿ, ಈಗ ಬೇಡ. ಕೊಳ್ಳುವುದು ಸುಲಭ, ಸಾಕುವುದು ಕಷ್ಟ. ನಾಲ್ಕು ಕ್ವಿಂಟಾಲ್ ಕುದುರೆಗೆ ದಿನಕ್ಕೆ ಎಂಟು ಕೆಜಿಯಷ್ಟು ಒಣ ಮೇವು ಬೇಕೇ ಬೇಕು. ತಟ್ಟು ಆದರೆ ಅದರ ತೂಕಕ್ಕೆ ತಕ್ಕಷ್ಟು. ಹುರುಳಿ ನೆನೆಸಿ ಬೇಯಿಸಿ ಹದವಾಗಿ ಕೊಡಬೇಕು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಮೆಕ್ಕೆಜೋಳ ಇರುತ್ತದೆ, ಸುಮ್ನೆ ಹಾಕಿಬಿಡುತ್ತಾರೆ. ಬೂಸ್ಟು ಹಿಡಿದ ಮೆಕ್ಕೆಜೋಳ ಕುದುರೆಗೆ ವಿಷ. ನೇರ ಮೆದುಳಿಗೆ ಹೊಡೆಯುತ್ತದೆ. ದನದ ಹಾಗೆ ಅಂತ ತಿಳಿಯಬೇಡಿ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ತಿಂದದ್ದು ತಪ್ಪಾದರೆ ಹೊಟ್ಟೆನೋವಿನಲ್ಲೇ ಹೊರಳಾಡಿ ಸಾಯುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ನಿಮ್ಮೂರಲ್ಲಿ ಲಾಳ ಕಟ್ಟುವವರು ಈಗ ಯಾರಿದ್ದಾರೆ? ಮತ್ತೆ ಅದು ಗುಂಪಿನ ಪ್ರಾಣಿ, ಒಂದೇ ಕಟ್ಟಿದರೆ ಕೊರಗುತ್ತದೆ. ನಾಳೆ ಅದಕ್ಕೆ ಏನಾದರೂ ಆದರೆ ಆ ದುಃಖವೂ ನಿಮ್ಮ ಯಜಮಾನರ ತಲೆ ಮೇಲೆ ಬರುತ್ತದೆ.

ತಟ್ಟು ಮೇಲೆ ದೊಡ್ಡವರು ಕೂರುವುದೂ ಸರಿಯಲ್ಲ. ಕುದುರೆ ತೂಕದ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಭಾರ ಹೊರಿಸಬಾರದು ಅನ್ನುವುದು ಲೆಕ್ಕ. ಎರಡು ಕ್ವಿಂಟಾಲಿನ ತಟ್ಟಿಗೆ ನಲವತ್ತು ಕೆಜಿ. ಮಕ್ಕಳಿಗೆ ಮಾತ್ರ ಆಯಿತು.

ಈಗ ನನ್ನ ಮಾತು. ನಮ್ಮ ಹತ್ತಿರ ಕೆಂಪಿ ಅಂತ ಒಂದು ವಯಸ್ಸಾದ ಹೆಣ್ಣು ಕುದುರೆ ಇದೆ. ಒಂದು ಮದುವೆಯಲ್ಲಿ ಯಾರೋ ಹಚ್ಚಿದ ಪಟಾಕಿ ಸರ ಕಾಲಡಿಗೆ ಬಂದು ಬಿತ್ತು. ಅದಾದ ಮೇಲೆ ಬ್ಯಾಂಡ್ ಕೇಳಿದರೆ ನಡುಗುತ್ತಿತ್ತು. ಅಪ್ಪ ಅವತ್ತೇ ಅದನ್ನು ಮೆರವಣಿಗೆಯಿಂದ ಬಿಡಿಸಿದರು. ಕೊಂಡಜ್ಜಿ ರಸ್ತೆ ಕಡೆ, ಒಳಗೆ ನಮ್ಮ ಶೆಡ್ ಇದೆ. ಅಲ್ಲಿ ಬೇಲಿ ಹಾಕಿದ ಜಾಗದಲ್ಲಿ ಇನ್ನೊಂದು ಕುದುರೆ ಜೊತೆ ಬಿಟ್ಟಿದ್ದೇವೆ. ಮೊದಮೊದಲು ಬಕೆಟ್ ಬಿದ್ದರೂ ಬೇಲಿವರೆಗೆ ಓಡುತ್ತಿತ್ತು. ಈಗ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತದೆ. ಯಾರನ್ನೂ ಕಚ್ಚಿಲ್ಲ, ಒದ್ದಿಲ್ಲ. ಗ್ಲಾಂಡರ್ಸ್ ಅನ್ನುವ ಕಾಯಿಲೆ ಕುದುರೆಯಿಂದ ಮನುಷ್ಯರಿಗೂ ಬರುತ್ತದೆ, ಅದಕ್ಕೆ ರಕ್ತ ಪರೀಕ್ಷೆ ಮಾಡಿಸಿದ್ದೇವೆ. ನಿಮ್ಮ ಮೇಡಂ ಬರುತ್ತಾರೆ ಅಂದರೆ ಬನ್ನಿ. ನಾನು ಜೊತೆಗೆ ಇರುತ್ತೇನೆ.

ಕೆಟಿಜೆ ನಗರ ಟೈಲರ್

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಣ್ಣಾ, ಕೆಂಪಿ ವಿಷಯ ಓದಿ ನಾನು ಅತ್ತುಬಿಟ್ಟೆ.

ಮೇಡಂಗೆ ಎಲ್ಲ ಹೇಳಿದೆ. ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬರುತ್ತೇನೆ ಅಂದರು. ಡಾಕ್ಟರೂ ಬೇಡ ಅನ್ನಲಿಲ್ಲ. ರಾತ್ರಿ ಮಾತ್ರೆಯಿಂದ ಬೆಳಗ್ಗೆ ತೂಕಡಿಕೆ ಇದೆಯಾ ಅಂತ ಕೇಳಿದರು. ಬೆಳಗ್ಗೆ ಒಂಬತ್ತರವರೆಗೆ ಇರುತ್ತದೆ ಅಂದೆ. ಹಾಗಾದರೆ ಸಂಜೆ ಹೋಗಿ ಅಂದರು. ಇಎಂಡಿಆರ್ ಬಗ್ಗೆಯೂ ಕೇಳಿದೆ, ಮಾತು ಸ್ವಲ್ಪ ಶುರುವಾದ ಮೇಲೆ ನೋಡೋಣ ಅಂದಿದ್ದಾರೆ.

ಮನೆಗೆ ಬಂದು ಇವರಿಗೆ ಕೆಂಪಿ ಕಥೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಊಟ ಮುಗಿದ ಮೇಲೆ ಕೈ ತೊಳೆಯುತ್ತಾ, "ಅದಕ್ಕೆ ಈಗಲೂ ಲಾಳ ಇದೆಯಾ, ಕೇಳು" ಅಂದರು.

ನನಗೆ ಒಂದೇ ಅಂಜಿಕೆ. ನಾವು ಅಲ್ಲಿದ್ದಾಗ ಯಾವುದಾದರೂ ಲಾರಿ ಹಾರನ್ ಹೊಡೆದು, ಕುದುರೆ ಬೆಚ್ಚಿ, ಇವರೂ ಬೆಚ್ಚಿದರೆ? ಇವರಿಗೆ ಆ ರಾತ್ರಿಯೇ ಕಣ್ಣ ಮುಂದೆ ಬಂದುಬಿಟ್ಟರೆ ನಾನು ಏನು ಮಾಡಲಿ?

ದುರ್ಗದ ಸೋಷಿಯಲ್ ವರ್ಕರ್

ಆಗಬಹುದು ಅಕ್ಕ. ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅದಕ್ಕೇ ಮೇಡಂ ಅಲ್ಲಿರಬೇಕು, ಅದಕ್ಕೇ ಮೊದಮೊದಲು ಇವರು ಬೇಲಿ ಹೊರಗೇ ಇರಲಿ. ಕಡ್ಡಿ ಬೇಲಿ ಒಂದು ಮಧ್ಯೆ ಇದ್ದರೆ ಕುದುರೆಗೂ ಓಡಲು ಜಾಗ, ಇವರಿಗೂ ಕೂರಲು ಜಾಗ. ಒಳಗೆ ಹೋಗುವುದು ಯಾವತ್ತು ಅಂತ ಇವರು ಮತ್ತು ಮೇಡಂ ಸೇರಿ ತೀರ್ಮಾನ ಮಾಡಲಿ. ನೀವು, ಮೈದುನ, ಯಾರೂ ಅವಸರ ಮಾಡಬೇಡಿ.

ಹಾಗೇನಾದರೂ ಆದರೆ ಕುದುರೆ ಅಣ್ಣ ಕುದುರೆಯನ್ನು ದೂರ ಕರೆದುಕೊಂಡು ಹೋಗುತ್ತಾರೆ. ನೀವು ಇವರನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ. ಎದುರಿಗೆ ಕೂತು ನಿಧಾನವಾಗಿ ಹೆಸರು ಹಿಡಿದು ಕರೆಯಿರಿ, ಹೆಸರು ಹಿಡಿಯುವ ರೂಢಿ ಇಲ್ಲದಿದ್ದರೆ ಮನೆಯಲ್ಲಿ ಹೇಗೆ ಕರೆಯುತ್ತೀರೋ ಹಾಗೆ. ಇದು ಕೊಂಡಜ್ಜಿ ರಸ್ತೆ, ಈಗ ಸಂಜೆ, ಕಾಲ ಕೆಳಗೆ ಮಣ್ಣಿದೆ, ಮುಟ್ಟಿ ನೋಡಿ ಅನ್ನಿ. ಕಣ್ಣಿಗೆ ಕಾಣುವ ನಾಲ್ಕೈದು ವಸ್ತು ಹೇಳಿಸಿ. ಉಸಿರು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಲಿ. ಉಳಿದದ್ದು ಮೇಡಂಗೆ ಬಿಡಿ. ಆಮೇಲೆ ಕುದುರೆ ಸಮಾಧಾನ ಆಗಿದ್ದರೆ, ಅದು ಹೇಗೆ ಸಮಾಧಾನ ಆಯಿತು ಅಂತ ದೂರದಿಂದ ಇವರು ನೋಡಲಿ. ಬೇಡ ಅಂದರೆ ಮನೆಗೆ ಹೊರಡಿ.

ಆಟೊದಲ್ಲಿ ವಾಪಸ್ ಬರುವಾಗ "ಏನನ್ನಿಸಿತು? ಚೆನ್ನಾಗಿತ್ತಾ?" ಅಂತ ಕೇಳಬೇಡಿ. ಕಷ್ಟ ಅಂತ ಗೊತ್ತು. ಆದರೂ ಕೇಳಬೇಡಿ. ಅವರೇ ಹೇಳುವುದಿದ್ದರೆ ಮನೆಯಲ್ಲಿ ಹೇಳುತ್ತಾರೆ, ಇಲ್ಲವೇ ಮೇಡಂ ಹತ್ತಿರ. 

ರಾತ್ರಿ ಹೊತ್ತು ಜಾಸ್ತಿ ಆದರೆ, ಬದುಕುವುದೇ ಬೇಡ ಅನ್ನುವಂಥ ಮಾತು ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಪಾಯ ಕಂಡರೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮತ್ತೆ ನೀವು. ಒಂದು ವರ್ಷದಿಂದ ಕುಕ್ಕರ್ ಇಡದೆ, ಮೆಷಿನ್ ಸದ್ದು ಮುಚ್ಚಿಕೊಂಡು ಬದುಕುತ್ತಿದ್ದೀರಿ. ಮೇಡಂ ಹತ್ತಿರ ನಿಮಗೂ ಅಂತ ಸ್ವಲ್ಪ ಹೊತ್ತು ಕೇಳಿ. ಅದು ನಿಮ್ಮ ಹಕ್ಕು.

ಮೆರವಣಿಗೆ ಕುದುರೆ ಮನೆಯವ

ಅಕ್ಕಾರೆ, ಯಜಮಾನರಿಗೆ ಹೇಳಿ. ಲಾಳ ಇಲ್ಲ. ಡಾಂಬರು ರಸ್ತೆ ಬಿಟ್ಟ ಮೇಲೆ ತೆಗೆಸಿದೆವು. ಮಣ್ಣಲ್ಲಿ ಓಡಾಡುವುದಕ್ಕೆ ಬೇಕಿಲ್ಲ. ಮುಂದಿನ ಎಡಗಾಲಿನ ಗೊರಸು ಸ್ವಲ್ಪ ಒಡೆದಿದೆ. ಅವರಿಗೆ ಗೊತ್ತಿದ್ದರೆ ಬಂದಾಗ ನೋಡಿ ಹೇಳಲಿ, ನನಗೂ ಒಬ್ಬರ ಮಾತು ಬೇಕಿತ್ತು.

ಶೆಡ್ ಹೈವೇಯಿಂದ ದೂರ ಇದೆ. ಲಾರಿ ಬರುವುದು ಕಡಿಮೆ, ಟ್ರ್ಯಾಕ್ಟರ್ ಮಾತ್ರ ಓಡಾಡುತ್ತವೆ. ಶನಿವಾರ, ಭಾನುವಾರ ಬೇಡ, ಮದುವೆ ಕುದುರೆ ಸಿಂಗಾರ ಮಾಡುವ ಗಲಾಟೆ ಇರುತ್ತದೆ. ಬುಧವಾರ ಸಂಜೆ ಐದರ ಮೇಲೆ ಬನ್ನಿ, ಬಿಸಿಲು ಇಳಿದಿರುತ್ತದೆ. ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಬರಲಿ. ಟಿಟಿ ಇಂಜೆಕ್ಷನ್ ಆಗಿ ತುಂಬಾ ವರ್ಷ ಆಗಿದ್ದರೆ ಮೊದಲು ಹಾಕಿಸಿಕೊಳ್ಳಿ. ಲಾಯದ ಮಣ್ಣಲ್ಲಿ ಧನುರ್ವಾಯು ಭಯ ಇರುತ್ತದೆ. ಮೇಡಂಗೂ ಇದನ್ನೇ ಹೇಳಿ. ಕುದುರೆಗೆ ಅಂತ ಸಿಹಿ ಏನೂ ತರಬೇಡಿ, ಕೈಯಿಂದ ತಿನ್ನಿಸುವುದು ಬೇಡ.

ದುಡ್ಡಿನ ಮಾತು ಎತ್ತಬೇಡಿ. ಊರಿಂದ ಬರುವಾಗ ಜೋಳದ ಸೊಪ್ಪೆ ಸಿಕ್ಕರೆ ಒಂದು ಹೊರೆ ತನ್ನಿ, ಒಣಗಿದ್ದು, ಬೂಸ್ಟು ಇಲ್ಲದ್ದು.